ಬಡವರ ವಿದ್ಯೆಗೆ ಮೇರೆ ಹಾಕುವವರು

ಬಡವರ ಮಕ್ಕಳಿಗೆ ಬೇಕಾದದ್ದು ಪಾಂಡಿತ್ಯವಲ್ಲ, ಕೈಗೊಂದು ಕಸುಬು. ಆ ಕಸುಬು ಯಾವುದಿರಬೇಕೆಂಬುದನ್ನು ಸರ್ಕಾರಿ ಶಾಲೆಯ ಮೇಷ್ಟರಿಗಿಂತ ಉದ್ಯಮಗಳನ್ನು ನಡೆಸತಕ್ಕ ಕಂಪನಿಗಳು ಚೆನ್ನಾಗಿ ಬಲ್ಲವು. ಆದಕಾರಣ ಆ ಕಂಪನಿಗಳು ತಮ್ಮ ಲಾಭದ ಒಂದಂಶವನ್ನು ವಿನಿಯೋಗಿಸಿ, ಹಳ್ಳಿಯ ಹುಡುಗನಿಗೋ ಹುಡುಗಿಗೋ ಎರಡು ಮೂರು ತಿಂಗಳ ತರಬೇತಿಯನ್ನಿತ್ತು, ಒಂದು ಉದ್ಯೋಗದ ಬಾಗಿಲಿಗೆ ತಂದು ನಿಲ್ಲಿಸಿದರೆ ಅದಕ್ಕಿಂತ ಮಿಗಿಲಾದ ಉಪಕಾರವಿಲ್ಲ: ಈ ಅಭಿಪ್ರಾಯವು ಇಂದು ನಮ್ಮ ನಾಡಿನಲ್ಲಿ ವಾದದ ಹಂತವನ್ನು ದಾಟಿ ನಂಬಿಕೆಯಾಗಿ ನೆಲೆಗೊಂಡಿದೆ. ಮಂತ್ರಿಗಳ ಭಾಷಣದಲ್ಲಿ, ಪತ್ರಿಕೆಗಳ ಅಗ್ರಲೇಖನಗಳಲ್ಲಿ, ಕಾಲೇಜಿನ ಸಮಾರಂಭಗಳಲ್ಲಿ, ಕೊನೆಗೆ ಮಗಳನ್ನು ಡಿಗ್ರಿಗೆ ಸೇರಿಸಲೋ ಬೇಡವೋ ಎಂದು ತಳಮಳಿಸುತ್ತಿರುವ ಕೂಲಿಕಾರ ತಂದೆಯ ಬಾಯಲ್ಲಿ ಸಹ ಅದು ಕೇಳಿಬರುತ್ತದೆ. ಇಷ್ಟು ಮಂದಿ ಇಷ್ಟು ಸದ್ಭಾವದಿಂದ ಆಡುವ ಮಾತನ್ನು ಅಲ್ಲಗಳೆಯುವುದು ಹಿತವಾದ ಕೆಲಸವಲ್ಲ. ಆದರೂ ಅಲ್ಲಗಳೆಯದೆ ಗತ್ಯಂತರವಿಲ್ಲ. ಏಕೆಂದರೆ ಆ ಮಾತಿನೊಳಗೆ ಒಂದು ತೀರ್ಪು ಅಡಗಿಕೊಂಡಿದೆ. ಬಡವನ ಮಗು ಎಲ್ಲಿಯವರೆಗೆ ಕಲಿಯಬಹುದೆಂಬುದನ್ನು ಆ ಮಗುವಾಗಲಿ, ಅದರ ಹೆತ್ತವರಾಗಲಿ, ಅದಕ್ಕೆ ಅಕ್ಷರ ಕಲಿಸಿದ ಗುರುವಾಗಲಿ ನಿರ್ಣಯಿಸಬೇಕಾಗಿಲ್ಲ, ಹಣ ಕೊಡುವವನು ನಿರ್ಣಯಿಸಿದರೆ ಸಾಕು ಎಂಬುದೇ ಆ ತೀರ್ಪು. ನನ್ನ ಆಕ್ಷೇಪವೆಲ್ಲವೂ ಅದರ ಮೇಲೆ.

ಕೈಕೆಲಸವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಲೇತಿನ ಮುಂದೆ ನಿಂತು ಕಬ್ಬಿಣವನ್ನು ಕೂದಲೆಳೆಯ ಅಳತೆಗೆ ತರುವ ಟರ್ನರನ ಕೆಲಸದಲ್ಲಿ ಗಣಿತವಿದೆ, ಲೋಹಶಾಸ್ತ್ರವಿದೆ, ತಪಸ್ಸಿನಂಥ ಏಕಾಗ್ರತೆಯಿದೆ; ಆ ವಿದ್ಯೆಯನ್ನು ಕಲಿಸಲು ನಮ್ಮ ಸರ್ಕಾರಿ ಐಟಿಐಗಳು ಎರಡು ವರ್ಷಗಳನ್ನು ತೆಗೆದುಕೊಳ್ಳುತ್ತವೆ, ಅದೂ ಸಾಲದೆಂದು ಬಲ್ಲವರು ಹೇಳುತ್ತಾರೆ. ಈಗ ಕೌಶಲ್ಯವೆಂಬ ಹೆಸರಿನಲ್ಲಿ ಬಡ ವಿದ್ಯಾರ್ಥಿಗಳಿಗೆ ಹಂಚಲಾಗುತ್ತಿರುವುದು ಬಹುಪಾಲು ಆ ವಿದ್ಯೆಯಲ್ಲ. ಅಂಗಡಿಯ ಗಿರಾಕಿಗೆ ನಮಸ್ಕರಿಸುವ ಕ್ರಮ, ಫೋನಿನಲ್ಲಿ ಮಾತನಾಡುವ ಧಾಟಿ, ಹೊಲಿಗೆಯ ಯಂತ್ರದ ಮುಂದೆ ಒಂದೇ ಮಡಿಕೆಯನ್ನು ದಿನವಿಡೀ ಹೊಲಿಯುವ ಅಭ್ಯಾಸ, ಇಂಥವು. ಇವನ್ನು ಕಲಿಯುವುದರಲ್ಲಿ ಅವಮಾನವಿಲ್ಲ. ಹದಿನೆಂಟು ವರ್ಷದ ಜೀವದ ವಿದ್ಯಾಭ್ಯಾಸವೆಲ್ಲವೂ ಇಷ್ಟರಲ್ಲೇ ಸಮಾಪ್ತವಾಯಿತೆಂದು ಪ್ರಮಾಣಪತ್ರ ಕೊಟ್ಟು ಕಳುಹಿಸುವುದರಲ್ಲಿ ಅನ್ಯಾಯವಿದೆ.

ಮೊದಲು ಹಣದ ವಿಚಾರ. 2013ರ ಕಂಪನಿಗಳ ಕಾಯಿದೆಯ 135ನೆಯ ಕಲಮು 2014ರ ಏಪ್ರಿಲ್ 1ರಂದು ಜಾರಿಗೆ ಬಂದಿತು. ನಿವ್ವಳ ಮೌಲ್ಯ 500 ಕೋಟಿ ರೂಪಾಯಿ, ಅಥವಾ ವಾರ್ಷಿಕ ವಹಿವಾಟು 1,000 ಕೋಟಿ, ಅಥವಾ ನಿವ್ವಳ ಲಾಭ 5 ಕೋಟಿ, ಇವುಗಳಲ್ಲಿ ಯಾವುದೊಂದನ್ನು ಮುಟ್ಟಿದ ಕಂಪನಿಯಾದರೂ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಶೇಕಡಾ 2ರಷ್ಟನ್ನು ಲೋಕಹಿತದ ಕಾರ್ಯಗಳಿಗೆ ವೆಚ್ಚಮಾಡಬೇಕೆಂದು ಅದು ವಿಧಿಸಿತು. ಆ ಕಾರ್ಯಗಳ ಪಟ್ಟಿಯಾದ 7ನೆಯ ಅನುಸೂಚಿಯಲ್ಲಿ ಶಿಕ್ಷಣವನ್ನೂ ಉದ್ಯೋಗಕ್ಕೆ ಅನುವಾಗುವ ಕೌಶಲ್ಯವನ್ನೂ ಸೇರಿಸಿತು. 2021ರ ತಿದ್ದುಪಡಿಗಳಾದ ಮೇಲಂತೂ, ವೆಚ್ಚವಾಗದೆ ಉಳಿದ ಹಣವನ್ನು ಕಂಪನಿ ತನ್ನಲ್ಲೇ ಇಟ್ಟುಕೊಳ್ಳುವಂತಿಲ್ಲ. ಅದಕ್ಕೆಂದೇ ತೆರೆದ ಪ್ರತ್ಯೇಕ ಖಾತೆಗೋ ಸರ್ಕಾರ ಗೊತ್ತುಮಾಡಿದ ನಿಧಿಗೋ ವರ್ಗಾಯಿಸಬೇಕು. ಅಂದಮೇಲೆ ಇದು ಶಾಸನವು ಹೊರಿಸಿದ ಬಾಧ್ಯತೆ. ಬಾಧ್ಯತೆಯನ್ನು ಸಲ್ಲಿಸುವವನಿಗೆ ದಾನಿಯ ಪೀಠವನ್ನು ಕೊಟ್ಟು, ಸಲ್ಲಬೇಕಾದದ್ದನ್ನು ಪಡೆಯುವ ಮಗುವನ್ನು ಕೈಮುಗಿದು ನಿಲ್ಲಿಸಿ ಭಾವಚಿತ್ರ ತೆಗೆಯುವ ಪದ್ಧತಿ ನಮ್ಮಲ್ಲಿ ಹೇಗೆ ರೂಢವಾಯಿತೋ ತಿಳಿಯದು, ಅದು ನಿಲ್ಲಬೇಕು.

ಲಾಭದ ಮೂಲವನ್ನು ಕುರಿತೂ ಒಂದು ಮಾತು ಹೇಳಬೇಕು. 1882ರಲ್ಲಿ ಹಂಟರ್ ಆಯೋಗದ ಮುಂದೆ ಮಹಾತ್ಮಾ ಜೋತಿರಾವ್ ಫುಲೆಯವರು, ಸರ್ಕಾರದ ಆದಾಯದ ಬಹುಭಾಗ ರೈತನ ಬೆವರಿನಿಂದ ಹುಟ್ಟುತ್ತಿರುವಾಗ ಅದರಿಂದ ನಡೆಯುವ ಉನ್ನತ ವಿದ್ಯೆಯ ಫಲವೆಲ್ಲ ಮೇಲಿನ ವರ್ಗಗಳ ಪಾಲಾಗುತ್ತಿದೆಯೆಂದು ನಿವೇದಿಸಿಕೊಂಡರು. ಆ ಪ್ರಶ್ನೆ ಇಂದಿಗೂ ಹಳತಾಗಿಲ್ಲ. ನಮ್ಮ ರಾಜ್ಯದಲ್ಲಿ ಕೈಗಾರಿಕೆಗಳ ನೆಲ ರೈತನ ಹೊಲವಾಗಿತ್ತು. ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ ಸ್ವಾಧೀನದ ನೋಟೀಸಿನಿಂದ ಅದು ಕಾರ್ಖಾನೆಯ ಆವರಣವಾಯಿತು. ನೀರು, ರಸ್ತೆ, ವಿದ್ಯುತ್ತು, ತೆರಿಗೆಯ ರಿಯಾಯಿತಿ ಇವೆಲ್ಲವೂ ಸಾರ್ವಜನಿಕರ ಬೊಕ್ಕಸದಿಂದ ಒದಗಿದವು. ಹೊಲ ಕೊಟ್ಟವನ ಮಗ ಅದೇ ಆವರಣದ ಗೇಟಿನಲ್ಲಿ ಗುತ್ತಿಗೆದಾರನ ಸೆಕ್ಯುರಿಟಿಯಾಗಿ, ಮಗಳು ಹೌಸ್‌ಕೀಪಿಂಗಿನಲ್ಲಿ ನೆಲ ಒರೆಸುವವಳಾಗಿ ನಿಂತಿರುವಾಗ, ಆ ಆವರಣದ ಲಾಭದಲ್ಲಿ ನೂರಕ್ಕೆ ಎರಡು ರೂಪಾಯಿ ಅವರ ತಮ್ಮನ ಶಾಲೆಗೆ ಬಂದರೆ ಅದನ್ನು ಉಪಕಾರವೆಂದು ಕರೆಯಲು ನನ್ನ ಮನಸ್ಸು ಒಪ್ಪದು.

ಇನ್ನು ಆ ಎರಡು ರೂಪಾಯಿ ಎಲ್ಲಿಗೆ ಹೋಗುತ್ತದೆ, ಹೇಗೆ ಹೋಗುತ್ತದೆ? ಕಾಯಿದೆಯೇ ಕಂಪನಿಯು ತನ್ನ ಕಾರ್ಯಕ್ಷೇತ್ರದ ಸುತ್ತಣ ಪ್ರದೇಶಕ್ಕೆ ಆದ್ಯತೆ ಕೊಡಬೇಕೆನ್ನುತ್ತದೆ. ಕಂಪನಿಗಳಿರುವುದು ಬೆಂಗಳೂರಿನ ಸುತ್ತಮುತ್ತ. ಕೊರತೆಯಿರುವುದು ಯಾದಗಿರಿ, ರಾಯಚೂರು, ಕಲಬುರಗಿಗಳಲ್ಲಿ. ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿ 2002ರಲ್ಲಿಯೇ ರಾಜ್ಯದ 175 ತಾಲೂಕುಗಳ ಪೈಕಿ 114ನ್ನು ಹಿಂದುಳಿದವೆಂದೂ, ಅವುಗಳಲ್ಲಿ 39ನ್ನು ಅತ್ಯಂತ ಹಿಂದುಳಿದವೆಂದೂ ಗುರುತಿಸಿಕೊಟ್ಟಿತ್ತು. 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಉಡುಪಿ ಮೊದಲ ಸ್ಥಾನದಲ್ಲಿಯೂ ಯಾದಗಿರಿ ಕಟ್ಟಕಡೆಯ ಸ್ಥಾನದಲ್ಲಿಯೂ ನಿಂತದ್ದನ್ನು ನೋಡಿದರೆ ಆ ಪಟ್ಟಿ ಇಂದಿಗೂ ಅಳಿಸಿಹೋಗಿಲ್ಲವೆಂಬುದು ಸ್ಪಷ್ಟ. ಲಾಭ ಹುಟ್ಟಿದಲ್ಲಿಯೇ ಲಾಭದ ಪಾಲೂ ಹರಿಯಬೇಕೆಂಬ ನಿಯಮವು ನದಿಯ ದಡದ ಗದ್ದೆಗೇ ಕಾಲುವೆಯ ನೀರನ್ನೂ ಬಿಟ್ಟಂತೆ.

ಇದಕ್ಕಿಂತ ಗಂಭೀರವಾದ ದೋಷ ಕಾಲಕ್ಕೆ ಸಂಬಂಧಿಸಿದ್ದು. ಕಾಯಿದೆಯಡಿಯ ನಿಯಮಗಳ ಪ್ರಕಾರ, ಹಲವು ವರ್ಷ ನಡೆಯತಕ್ಕ ಯೋಜನೆಯೂ ಆರಂಭದ ವರ್ಷವನ್ನು ಬಿಟ್ಟು ಮೂರು ವರ್ಷಗಳನ್ನು ಮೀರಕೂಡದು. ಒಂದು ಮಗು ಒಂದನೆಯ ತರಗತಿಗೆ ಸೇರಿ ಹತ್ತನೆಯದನ್ನು ಮುಗಿಸುವುದಕ್ಕೆ ಹತ್ತು ವರ್ಷ ಬೇಕು. ಒಬ್ಬ ಶಿಕ್ಷಕ ಒಂದು ಊರಿನಲ್ಲಿ ಬೇರುಬಿಟ್ಟು, ಅಣ್ಣನಿಗೂ ತಂಗಿಗೂ ಕಲಿಸಿ, ಮನೆಮನೆಯ ಕಷ್ಟಸುಖವನ್ನರಿತು, ಊರವರು ಅವನ ಮಾತಿಗೆ ಬೆಲೆ ಕೊಡುವಂತಾಗುವುದಕ್ಕೆ ಅದಕ್ಕೂ ಹೆಚ್ಚು ಕಾಲ ಬೇಕು. ಮೂರು ವರ್ಷದಲ್ಲಿ ಮುಗಿಯತಕ್ಕದ್ದು ಕಟ್ಟಡ, ಬಣ್ಣ, ಯಂತ್ರ, ಸಮವಸ್ತ್ರ, ಬ್ಯಾಗು, ಮುಗಿಯದಿರತಕ್ಕದ್ದು ವಿದ್ಯೆ. ಆದ್ದರಿಂದ ಹಣ ಸಹಜವಾಗಿ ಮೊದಲನೆಯದರ ಕಡೆಗೆ ವಾಲುತ್ತದೆ. ಕೊಟ್ಟವರಿಗೆ ವರದಿ ಬರೆಯುವುದಕ್ಕೆ ಲೆಕ್ಕ ಬೇಕು. ಎಷ್ಟು ಬ್ಯಾಗು, ಎಷ್ಟು ಕಂಪ್ಯೂಟರು, ಎಷ್ಟು ಫಲಾನುಭವಿಗಳು ಎಂಬ ಲೆಕ್ಕ ಸಿಕ್ಕುತ್ತದೆ. ಭಿನ್ನರಾಶಿ ಅರ್ಥವಾಗದೆ ಅಳುತ್ತಿದ್ದ ಹುಡುಗನಿಗೆ ಅದು ಅರ್ಥವಾದ ದಿನದ ಲೆಕ್ಕ ಯಾವ ಕೋಷ್ಟಕದಲ್ಲಿಯೂ ಕೂರದು.

ಬಯಲುಸೀಮೆಯ ಒಂದು ಸರ್ಕಾರಿ ಪ್ರೌಢಶಾಲೆಯನ್ನು ನಾನು ಕಣ್ಣಾರೆ ಕಂಡದ್ದುಂಟು. ಗೋಡೆಗಳಿಗೆ ಹೊಚ್ಚಹೊಸ ಬಣ್ಣ. ಪ್ರತಿಯೊಂದು ಕೊಠಡಿಯ ನೆತ್ತಿಯ ಮೇಲೂ, ನೀರಿನ ಫಿಲ್ಟರಿನ ಮೇಲೂ, ಮಕ್ಕಳ ಬ್ಯಾಗುಗಳ ಮೇಲೂ ಕೊಟ್ಟವರ ಲಾಂಛನ. ಮುಖ್ಯೋಪಾಧ್ಯಾಯಿನಿಯವರು ಬೀರುವಿನಿಂದ ಬೀಗದಕೈ ತೆಗೆದು ಕಂಪ್ಯೂಟರ್ ಕೊಠಡಿಯನ್ನು ತೆರೆದರು. ಯಂತ್ರಗಳ ಮೇಲೆ ಹಳೆಯ ಸೀರೆಯ ತುಂಡುಗಳನ್ನು ಹೊದಿಸಿತ್ತು. ಯುಪಿಎಸ್ಸಿನ ಬ್ಯಾಟರಿ ಸತ್ತಿತ್ತು. ಯೋಜನೆಯ ಅವಧಿ ಮುಗಿದುಹೋದದ್ದರಿಂದ ಅದನ್ನು ಬದಲಾಯಿಸುವವರಿರಲಿಲ್ಲ, ಕಲಿಸಲು ಬರುತ್ತಿದ್ದ ಯುವಕನೂ ಅವಧಿಯೊಂದಿಗೇ ಹೊರಟುಹೋಗಿದ್ದನು. ಪಕ್ಕದ ಕೊಠಡಿಯಲ್ಲಿ ಒಂಬತ್ತನೆಯ ತರಗತಿಗೆ ದೈಹಿಕ ಶಿಕ್ಷಕರು ಗಣಿತ ಹೇಳಿಕೊಡುತ್ತಿದ್ದರು. ಹಲಗೆಯ ಮೇಲೆ ಬರೆದ ಸಮೀಕರಣವನ್ನು ತಾವೇ ಎರಡು ಸಲ ಅಳಿಸಿ ಮತ್ತೆ ಬರೆದರು. ಗಣಿತದ ಹುದ್ದೆ ಖಾಲಿಯಿತ್ತು. ಅತಿಥಿ ಶಿಕ್ಷಕರ ಆದೇಶ ಇನ್ನೂ ಬಂದಿರಲಿಲ್ಲ. “ಕಂಪನಿಯವರನ್ನು ಒಬ್ಬ ಮ್ಯಾಥ್ಸ್ ಟೀಚರನ್ನು ಕೊಡಿ ಅಂತ ಕೇಳಿದೆವು, ಸರ್. ಸಂಬಳಕ್ಕೆ ನಮ್ಮಲ್ಲಿ ಅವಕಾಶವಿಲ್ಲ, ವಸ್ತು ಏನಾದರೂ ಬೇಕಿದ್ದರೆ ಪಟ್ಟಿ ಕೊಡಿ ಅಂದರು,” ಎಂದು ಆ ತಾಯಿ ಹೇಳಿದಾಗ ಅವರ ಧ್ವನಿಯಲ್ಲಿ ದೂರು ಇರಲಿಲ್ಲ; ಅಭ್ಯಾಸವಾಗಿಹೋದವರ ಶಾಂತಿಯಿತ್ತು. ಆ ಶಾಂತಿಯನ್ನು ನಾನು ಇಂದಿಗೂ ಸಹಿಸಲಾರೆ.

ಶಿಕ್ಷಕರನ್ನು ನೇಮಿಸುವುದು ಸರ್ಕಾರದ ಹೊಣೆ, ಅದಕ್ಕಾಗಿ ಕಂಪನಿಯನ್ನು ದೂರುವುದೇಕೆ ಎಂದು ಕೇಳಬಹುದು. ಹೊಣೆ ಸರ್ಕಾರದ್ದೇ, ಸಂಶಯವಿಲ್ಲ. ಸಂವಿಧಾನದ 21ಎ ವಿಧಿಯು ಆರರಿಂದ ಹದಿನಾಲ್ಕು ವರ್ಷದ ಮಕ್ಕಳ ಶಿಕ್ಷಣವನ್ನು ಮೂಲಭೂತ ಹಕ್ಕಾಗಿಸಿದೆ. 1964-66ರ ಕೊಠಾರಿ ಆಯೋಗವು ರಾಷ್ಟ್ರೀಯ ಆದಾಯದ ಶೇಕಡಾ 6ರಷ್ಟನ್ನು ಶಿಕ್ಷಣಕ್ಕೆ ಮೀಸಲಿಡಬೇಕೆಂದು ಹೇಳಿ ಅರ್ಧ ಶತಮಾನಕ್ಕೂ ಹೆಚ್ಚಾಗಿದೆ, ಆ ಮಟ್ಟವನ್ನು ನಾವು ಮುಟ್ಟಿಲ್ಲ. ಆದರೆ ಸರ್ಕಾರದ ಈ ಕರ್ತವ್ಯಲೋಪಕ್ಕೆ ಮುಸುಕು ಹಾಕುವ ಬಣ್ಣ ಯಾವುದು? ಗೋಡೆಗೆ ಬಳಿದ ಆ ಹೊಸ ಬಣ್ಣವೇ. ಶಾಲೆ ‘ದತ್ತು’ ಹೋಯಿತೆಂಬ ಸುದ್ದಿ ಪತ್ರಿಕೆಯಲ್ಲಿ ಬಂದ ಮೇಲೆ ಖಾಲಿ ಹುದ್ದೆಯನ್ನು ಕುರಿತು ಶಾಸಕರನ್ನು ಕೇಳುವ ಊರವರ ಬಾಯಿ ಅರ್ಧ ಕಟ್ಟಿಹೋಗುತ್ತದೆ.

ಈಗ ಶಾಲೆಯನ್ನು ಬಿಟ್ಟು ತರಬೇತಿಯ ಕೇಂದ್ರಕ್ಕೆ ಬರೋಣ. ತಾಲೂಕು ಪಟ್ಟಣದ ಮುಖ್ಯರಸ್ತೆಯಲ್ಲಿ, ಚಪ್ಪಲಿ ಅಂಗಡಿಯ ಮೇಲಿನ ಮಹಡಿಯ ಬಾಡಿಗೆಯ ಹಾಲು. ಬೆರಳಚ್ಚು ಒತ್ತುವ ಹಾಜರಿ ಯಂತ್ರ. ಒಂದೇ ಬಣ್ಣದ ಟೀ ಶರ್ಟು ತೊಟ್ಟ ಮೂವತ್ತರಷ್ಟು ಹುಡುಗ ಹುಡುಗಿಯರು. ಅಲ್ಲಿನವರು ಅವರನ್ನು ವಿದ್ಯಾರ್ಥಿಗಳೆನ್ನುವುದಿಲ್ಲ, ‘ಕ್ಯಾಂಡಿಡೇಟು’ಗಳೆನ್ನುತ್ತಾರೆ. ಹಳ್ಳಿಹಳ್ಳಿ ಸುತ್ತಿ ಅವರನ್ನು ಕೂಡಿಸಿ ತರುವುದಕ್ಕೆ ಒಬ್ಬ ‘ಮೊಬಿಲೈಜರ್’ ಇರುತ್ತಾನೆ. ‘ಬ್ಯಾಚು’ ತುಂಬದಿದ್ದರೆ ಅವನ ಸಂಬಳಕ್ಕೆ ಕುತ್ತು. ನಾನು ಹೋದ ದಿನ ಅಂಗಡಿಯ ಬಿಲ್ಲಿಂಗ್ ಪಾಠ ನಡೆಯುತ್ತಿತ್ತು. ಹಿಂದಿನ ಸಾಲಿನಲ್ಲಿದ್ದ, ಪಿಯುಸಿ ವಾಣಿಜ್ಯದಲ್ಲಿ ಪ್ರಥಮ ದರ್ಜೆ ಪಡೆದಿದ್ದ ಹುಡುಗಿಯೊಬ್ಬಳು ಎದ್ದು, ಬಿಲ್ಲಿನ ಕೆಳಗೆ ಜಿಎಸ್‌ಟಿ ಎರಡು ಭಾಗವಾಗಿ ಏಕೆ ಬರುತ್ತದೆ, ಅಂಗಡಿಯವನು ಅದನ್ನು ಯಾರಿಗೆ ಕಟ್ಟುತ್ತಾನೆ ಎಂದು ಕೇಳಿದಳು. ತರಬೇತುದಾರನು ಒಳ್ಳೆಯ ಯುವಕ, ತಾನೂ ವರ್ಷಕ್ಕೊಮ್ಮೆ ನವೀಕರಿಸುವ ಗುತ್ತಿಗೆಯ ಮೇಲಿದ್ದವನು. “ಅದು ನಮ್ಮ ಮಾಡ್ಯೂಲ್‌ನಲ್ಲಿಲ್ಲಮ್ಮ. ನೀನು ಸ್ಕ್ಯಾನ್ ಮಾಡಿದರೆ ಸಾಕು, ಅದೇ ಬರುತ್ತೆ,” ಎಂದನು. ಹುಡುಗಿ ಕುಳಿತಳು.

ಆ ಪ್ರಶ್ನೆಯನ್ನು ಕೇಳಬಲ್ಲವಳಿಗೆ ಬಿ.ಕಾಂ. ಓದುವ, ಲೆಕ್ಕಪರಿಶೋಧಕಿಯಾಗುವ, ಅರ್ಥಶಾಸ್ತ್ರವನ್ನು ಬೋಧಿಸುವ ಯೋಗ್ಯತೆಯಿತ್ತೆಂಬುದರಲ್ಲಿ ನನಗೆ ಅನುಮಾನವಿಲ್ಲ. ಅವಳನ್ನು ಅಲ್ಲಿ ಕೂರಿಸಿದ್ದು ಅವಳ ಬುದ್ಧಿಯ ಮಿತಿಯಲ್ಲ, ಮನೆಯ ಬಡತನ. ಬಡತನಕ್ಕೆ ಪರಿಹಾರ ಹೇಳಬಂದವರು ಬುದ್ಧಿಗೆ ಮಿತಿ ಹಾಕಿದರು. ಅದೇ ವಯಸ್ಸಿನ, ಅದೇ ಅಂಕ ಪಡೆದ ಮಗಳು ಹಣ ಕೊಟ್ಟ ಕಂಪನಿಯ ಅಧಿಕಾರಿಯ ಮನೆಯಲ್ಲಿದ್ದರೆ, ಮೂರು ತಿಂಗಳ ಬಿಲ್ಲಿಂಗ್ ತರಬೇತಿ ಅವಳ ಭವಿಷ್ಯಕ್ಕೆ ಸಾಕೆಂದು ಅವರು ಒಪ್ಪುತ್ತಿದ್ದರೆ? ತಮ್ಮ ಮಕ್ಕಳಿಗೆ ಒಲ್ಲದ ವಿದ್ಯೆಯನ್ನು ಪರರ ಮಕ್ಕಳಿಗೆ ಹಿತವೆಂದು ವಿಧಿಸುವ ಅಧಿಕಾರ ಯಾರಿಗೂ ಇಲ್ಲ.

ಈ ವ್ಯವಸ್ಥೆಯ ಬೆನ್ನಿಗಿರುವ ವಾದ ಇದು: ದೇಶದಲ್ಲಿ ಉದ್ಯೋಗಗಳಿವೆ, ಆದರೆ ಅವಕ್ಕೆ ತಕ್ಕ ಕೌಶಲ್ಯವುಳ್ಳವರಿಲ್ಲ; ಪದವೀಧರರು ನಿರುದ್ಯೋಗಿಗಳಾಗಿರುವುದೇ ಅದಕ್ಕೆ ಸಾಕ್ಷಿ. 2008ರಲ್ಲಿ ರಾಷ್ಟ್ರೀಯ ಕೌಶಲ್ಯಾಭಿವೃದ್ಧಿ ನಿಗಮ ಸ್ಥಾಪಿತವಾಯಿತು; 2009ರ ರಾಷ್ಟ್ರೀಯ ನೀತಿಯು 2022ರೊಳಗೆ 50 ಕೋಟಿ ಜನರಿಗೆ ಕೌಶಲ್ಯ ನೀಡುವ ಗುರಿಯನ್ನು ಸಾರಿತು; 2015ರ ಜುಲೈ 15ರಂದು ಸ್ಕಿಲ್ ಇಂಡಿಯಾ ಅಭಿಯಾನ ಮೊದಲಾಯಿತು. 2022 ಬಂದು ಹೋಯಿತು. ಪದವೀಧರನ ನಿರುದ್ಯೋಗ ಹಾಗೆಯೇ ಉಳಿಯಿತು. ಕೊರತೆಯಿದ್ದುದು ನಿಜವಾಗಿ ಕುಶಲ ಕೈಗಳದ್ದೇ ಆಗಿದ್ದರೆ ಕುಶಲರ ವೇತನ ಏರಬೇಕಾಗಿತ್ತು, ಅವರನ್ನು ಉಳಿಸಿಕೊಳ್ಳಲು ಕಂಪನಿಗಳು ಕಾಯಂ ನೇಮಕಾತಿಯ ಆದೇಶಗಳನ್ನು ಹಿಡಿದು ನಿಲ್ಲಬೇಕಾಗಿತ್ತು. ನಡೆದದ್ದು ಅದರ ವಿರುದ್ಧ. ಕೋಲಾರದ ನರಸಾಪುರದಲ್ಲಿ, ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ, 2020ರ ಡಿಸೆಂಬರ್ 12ರಂದು ಭುಗಿಲೆದ್ದ ಅಶಾಂತಿಯನ್ನು ಕನ್ನಡಿಗರು ಮರೆತಿರಲಾರರು. ಅಲ್ಲಿ ದುಡಿಯುತ್ತಿದ್ದವರಲ್ಲಿ ಬಹುಸಂಖ್ಯಾತರು ಗುತ್ತಿಗೆಯವರು. ಐಟಿಐ, ಡಿಪ್ಲೊಮಾ ಮುಗಿಸಿದವರೂ ಪದವೀಧರರೂ ಇದ್ದರು. ಅವರ ಅಳಲು ಕೌಶಲ್ಯದ ಅಭಾವವನ್ನು ಕುರಿತದ್ದಾಗಿರಲಿಲ್ಲ. ಒಪ್ಪಿದ ಸಂಬಳ ಪೂರ್ತಿಯಾಗಿ ಕೈಗೆ ಬರುತ್ತಿಲ್ಲ, ಹನ್ನೆರಡು ಗಂಟೆಯ ದುಡಿಮೆಗೆ ಸರಿಯಾದ ಲೆಕ್ಕವಿಲ್ಲ ಎಂಬುದಾಗಿತ್ತು. ನಡೆದ ಹಾನಿಯನ್ನು ಯಾರೂ ಸಮರ್ಥಿಸಲಾರರು. ಆದರೆ ವಾರದೊಳಗೆ ಕಂಪನಿಯೇ ಕೆಲವು ಕಾರ್ಮಿಕರಿಗೆ ಸರಿಯಾಗಿ ವೇತನ ಸಂದಿಲ್ಲವೆಂದು ಒಪ್ಪಿ, ಕ್ಷಮೆ ಕೋರಿ, ತನ್ನ ಉಪಾಧ್ಯಕ್ಷರನ್ನು ಸ್ಥಾನದಿಂದ ತೆಗೆದದ್ದು ಕೂಡ ದಾಖಲೆಯ ಮಾತೇ. ಆ ತರುಣರಿಗೆ ಇನ್ನೂ ಮೂರು ತಿಂಗಳ ತರಬೇತಿ ಕೊಟ್ಟಿದ್ದರೆ ಏನಾಗುತ್ತಿತ್ತು? 1961ರ ಅಪ್ರೆಂಟಿಸ್ ಕಾಯಿದೆಯ 18ನೆಯ ಕಲಮು ಅಪ್ರೆಂಟಿಸನು ಕಲಿಯುವವನೇ ಹೊರತು ಕಾರ್ಮಿಕನಲ್ಲವೆಂದು ಹೇಳುತ್ತದೆ. ಕಲಿಕೆಯ ಹೆಸರಿನಲ್ಲಿ ದುಡಿಮೆಯೇ ನಡೆಯುವಲ್ಲಿ ಆ ಕಲಮು ಯಾರಿಗೆ ಆಸರೆಯಾಗುತ್ತದೆಂಬುದನ್ನು ವಿವರಿಸಬೇಕಾಗಿಲ್ಲ. ಒಡಿಶಾ, ಜಾರ್ಖಂಡುಗಳ ಹಳ್ಳಿಗಳಿಂದ ಕೌಶಲ್ಯ ಯೋಜನೆಗಳ ಮೂಲಕ ಬೆಂಗಳೂರಿನ ಗಾರ್ಮೆಂಟ್ಸಿಗೆ ಬಂದು, ಹಾಸ್ಟೆಲು ಕಾರ್ಖಾನೆಗಳ ನಡುವೆ ಯೌವನವನ್ನು ಸವೆಸುವ ಹೆಣ್ಣುಮಕ್ಕಳನ್ನು ಕಂಡವರಿಗೂ ಇದು ಗೊತ್ತಿದೆ. ಉದ್ಯೋಗವನ್ನು ಸೃಷ್ಟಿಸದಿರುವವರ, ಸೃಷ್ಟಿಸಿದ್ದನ್ನೂ ಗುತ್ತಿಗೆಗೆ ಕೊಡುವವರ ಲೋಪವನ್ನು ಎತ್ತಿ, ಉದ್ಯೋಗ ಸಿಕ್ಕದ ಹುಡುಗನ ಅನರ್ಹತೆಯೆಂಬಂತೆ ಅವನ ತಲೆಯ ಮೇಲಿಡುವುದೇ ಈ ಕೌಶಲ್ಯದ ಕೊರತೆಯ ವಾದದ ತಿರುಳು.

ಧನಿಕರ ಧನದಿಂದ ದೀನರಿಗೆ ಕಸುಬಿನ ಶಿಕ್ಷಣ ಕೊಡುವ ಈ ಪ್ರಯೋಗ ಲೋಕದಲ್ಲಿ ಹೊಸತಲ್ಲ. ಅಮೆರಿಕದಲ್ಲಿ ದಾಸ್ಯದಿಂದ ಬಿಡುಗಡೆಯಾದ ಕಪ್ಪು ಜನರಿಗಾಗಿ ಬೂಕರ್ ಟಿ. ವಾಷಿಂಗ್ಟನ್ ಎಂಬ ಮಹಾಶಯರು 1881ರಲ್ಲಿ ಅಲಬಾಮಾದ ಟಸ್ಕೀಗಿಯಲ್ಲಿ ವಿದ್ಯಾಲಯವೊಂದನ್ನು ಕಟ್ಟಿದರು. ಅವರು ಸ್ವತಃ ದಾಸರಾಗಿ ಹುಟ್ಟಿದವರು; ವಿದ್ಯಾರ್ಥಿಗಳ ಕೈಯಿಂದಲೇ ಇಟ್ಟಿಗೆ ಸುಡಿಸಿ, ಆ ಇಟ್ಟಿಗೆಯಿಂದಲೇ ಕಟ್ಟಡಗಳನ್ನೆಬ್ಬಿಸಿದ ಕರ್ಮಯೋಗಿ; ಅವರನ್ನು ಕುರಿತು ಲಘುವಾಗಿ ಮಾತನಾಡುವ ಹಕ್ಕು ನಮಗಿಲ್ಲ. ಕಸುಬು ಮೊದಲು, ಉಚ್ಚ ವಿದ್ಯೆಯೂ ರಾಜಕೀಯ ಹಕ್ಕೂ ಆಮೇಲೆ ಎಂಬ ಅವರ ಮಾತು ಉತ್ತರದ ಶ್ರೀಮಂತರಿಗೆ ಬಹಳ ಹಿಡಿಸಿತು. ರೈಲ್ವೆಯ ಧನಿಕರು ಅವರ ಸಂಸ್ಥೆಯ ಧರ್ಮದರ್ಶಿಗಳಾದರು. ಉಕ್ಕಿನ ದೊರೆ ಆಂಡ್ರ್ಯೂ ಕಾರ್ನೆಗಿ 1903ರಲ್ಲಿ 6 ಲಕ್ಷ ಡಾಲರುಗಳನ್ನಿತ್ತರು. ಅದೇ 1903ರಲ್ಲಿ ಡಬ್ಲ್ಯು. ಇ. ಬಿ. ಡುಬೋಯಿಸ್ ತಮ್ಮ ಸುಪ್ರಸಿದ್ಧ ಪ್ರಬಂಧಸಂಗ್ರಹದಲ್ಲಿ ಆ ನೀತಿಯನ್ನು ಎದುರಿಸಿದರು. ಹಾರ್ವರ್ಡ್ ವಿಶ್ವವಿದ್ಯಾಲಯದ ಡಾಕ್ಟರೇಟ್ ಪಡೆದ ಮೊದಲ ಕಪ್ಪು ವಿದ್ವಾಂಸರಾದ ಅವರು ಕಸುಬಿನ ಶಿಕ್ಷಣವನ್ನು ನಿಂದಿಸಲಿಲ್ಲ. ಅದಕ್ಕಾಗಿ ಮತಾಧಿಕಾರವನ್ನೂ ಪೌರಹಕ್ಕನ್ನೂ ಉನ್ನತ ವಿದ್ಯೆಯನ್ನೂ ಬಿಟ್ಟುಕೊಡಬೇಕೆಂಬ ಕರಾರನ್ನು ಒಪ್ಪಲಿಲ್ಲ, ಅಷ್ಟೆ. ಟಸ್ಕೀಗಿಯಂಥ ಶಾಲೆಗಳು ಕೂಡ ಕಪ್ಪು ಜನರ ಕಾಲೇಜುಗಳಲ್ಲಿ ಓದಿಬಂದ ಉಪಾಧ್ಯಾಯರಿಲ್ಲದೆ ಒಂದು ದಿನವೂ ನಡೆಯಲಾರವೆಂಬ ಅವರ ಮಾತಿಗೆ ಉತ್ತರ ಆಗಲೂ ಸಿಕ್ಕಲಿಲ್ಲ, ಈಗಲೂ ಸಿಕ್ಕುವುದಿಲ್ಲ. ದೀನರನ್ನೆಲ್ಲ ಕಸುಬಿಗೆ ಕಳುಹಿಸಿದ ಮೇಲೆ ದೀನರ ನಡುವಿನಿಂದ ಗುರುಗಳು, ವೈದ್ಯರು, ನ್ಯಾಯವಾದಿಗಳು ಬರುವುದೆಲ್ಲಿಂದ?

ನಮ್ಮ ಮನೆಯ ಹತ್ತಿರದ ನಿದರ್ಶನವೂ ಇದೆ. 1953ರಲ್ಲಿ ಮದ್ರಾಸ್ ರಾಜ್ಯದ ಮುಖ್ಯಮಂತ್ರಿಗಳಾಗಿದ್ದ ರಾಜಾಜಿಯವರು, ಶಾಲೆಗಳೂ ಹಣವೂ ಸಾಲದಿದ್ದ ಕಾಲದಲ್ಲಿ, ಗ್ರಾಮಾಂತರದ ಪ್ರಾಥಮಿಕ ಶಾಲೆಗಳಿಗಾಗಿ ಒಂದು ಪದ್ಧತಿಯನ್ನು ತಂದರು: ಮಕ್ಕಳು ದಿನಕ್ಕೆ ಮೂರು ಗಂಟೆ ಶಾಲೆಯಲ್ಲಿರತಕ್ಕದ್ದು, ಉಳಿದ ಹೊತ್ತಿನಲ್ಲಿ ತಂದೆತಾಯಿಗಳ ಕಸುಬನ್ನು ಕಲಿಯತಕ್ಕದ್ದು. ನಮ್ಮ ದಕ್ಷಿಣ ಕನ್ನಡ ಆಗ ಆ ರಾಜ್ಯದ ಭಾಗವಾಗಿತ್ತು. ರಾಜಾಜಿಯವರ ವಿದ್ವತ್ತನ್ನಾಗಲಿ ನಿಸ್ಪೃಹತೆಯನ್ನಾಗಲಿ ಸಂಶಯಿಸುವವರಾರು? ಆದರೆ ಜಾತಿಗೂ ಕಸುಬಿಗೂ ಗಂಟುಬಿದ್ದಿರುವ ಸಮಾಜದಲ್ಲಿ ಕ್ಷೌರಿಕನ ಮಗ ಕ್ಷೌರವನ್ನೂ ಅಗಸನ ಮಗ ಬಟ್ಟೆ ಒಗೆಯುವುದನ್ನೂ ಕಲಿಯಲೆಂಬುದಕ್ಕೆ ಏನರ್ಥವೆಂಬುದು ಜನಕ್ಕೆ ಕ್ಷಣಮಾತ್ರದಲ್ಲಿ ತಿಳಿಯಿತು. ಪೆರಿಯಾರರ ನೇತೃತ್ವದಲ್ಲಿ ಪ್ರತಿಭಟನೆ ಎದ್ದಿತು; 1954ರಲ್ಲಿ ರಾಜಾಜಿಯವರು ಅಧಿಕಾರ ಬಿಟ್ಟರು; ಮುಂದೆ ಬಂದ ಕಾಮರಾಜರು ಆ ಪದ್ಧತಿಯನ್ನು ಕೈಬಿಟ್ಟರು. ಗಾಂಧೀಜಿ 1937ರಲ್ಲಿ ವಾರ್ಧಾದಲ್ಲಿ ಮುಂದಿಟ್ಟ ನಯೀ ತಾಲೀಮಿನಲ್ಲಿಯೂ ಕೈಕಸುಬಿತ್ತು. ಅದು ಎಲ್ಲ ಮಕ್ಕಳಿಗಾಗಿ ಇತ್ತು, ಕಸುಬಿನ ಮೂಲಕ ಸಕಲ ವಿದ್ಯೆಗೂ ದಾರಿಯಾಗಲೆಂದಿತ್ತು. ಶ್ರೀಮಂತರ ಮಕ್ಕಳಿಗೆ ಕೋಡಿಂಗೂ ಪಿಯಾನೋವೂ, ಬಡವರ ಮಕ್ಕಳಿಗೆ ಹೌಸ್‌ಕೀಪಿಂಗೂ ಎಂಬ ಇಂದಿನ ವಿಂಗಡಣೆಗೆ ಆ ಮಹಾತ್ಮರ ಹೆಸರನ್ನು ಎಳೆದುತರುವುದು ಸಲ್ಲದು.

ಮಂಗಳೂರಿನ ಕುದ್ಮುಲ್ ರಂಗರಾಯರು ರಾಜಾಜಿಯವರಿಗೂ ಗಾಂಧೀಜಿಯವರಿಗೂ ಮೊದಲೇ ಈ ಸಮಸ್ಯೆಯನ್ನು ಎದುರಿಸಿ, ಸರಿಯಾದ ಉತ್ತರವನ್ನೇ ಕಂಡುಕೊಂಡಿದ್ದರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿದ ಆ ಸಾರಸ್ವತ ಬ್ರಾಹ್ಮಣ, ಸ್ವಜಾತಿಯವರ ಬಹಿಷ್ಕಾರವನ್ನು ಸಹಿಸಿ, ದಲಿತ ಮಕ್ಕಳಿಗಾಗಿ ಶಾಲೆಗಳನ್ನೂ ವಿದ್ಯಾರ್ಥಿನಿಲಯವನ್ನೂ ನಡೆಸಿದರು, ಕೈಕಸುಬುಗಳನ್ನೂ ಕಲಿಸಿದರು. ಆದರೆ ಅವರ ಅಂತರಂಗದ ಆಕಾಂಕ್ಷೆಯೇನಿತ್ತು? ತಮ್ಮ ಶಾಲೆಯ ಮಗುವೊಂದು ಓದಿ, ಸರ್ಕಾರದ ದೊಡ್ಡ ಹುದ್ದೆಯನ್ನೇರಿ, ಊರಿನ ಬೀದಿಯಲ್ಲಿ ಕಾರಿನಲ್ಲಿ ಹಾದುಹೋಗಬೇಕು; ಆ ಕಾರು ಎಬ್ಬಿಸಿದ ಧೂಳು ತಮ್ಮ ತಲೆಗೆ ತಾಗಬೇಕು; ಆಗ ತಮ್ಮ ಜನ್ಮ ಸಾರ್ಥಕ ಎಂದು ಅವರು ಹೇಳುತ್ತಿದ್ದರು. ಇಂದಿನ ಯೋಜನೆಗಳು ಆ ಮಗುವಿಗೆ ಕಾರು ಚಾಲನೆಯ ತರಬೇತಿಯನ್ನು ಕೊಟ್ಟು ತೃಪ್ತವಾಗುತ್ತವೆ. ಚಾಲಕನ ವೃತ್ತಿ ಗೌರವದ್ದೇ. ಆದರೆ ರಂಗರಾಯರು ಆ ಮಗುವನ್ನು ಹಿಂದಿನ ಆಸನದಲ್ಲಿ ಕಂಡಿದ್ದರೆಂಬುದನ್ನು ನಾವು ಮರೆಯತಕ್ಕದ್ದಲ್ಲ. ಕೊಡುವವನು ಎಷ್ಟು ಕೊಟ್ಟನೆಂಬುದಕ್ಕಿಂತ, ಪಡೆಯುವವನನ್ನು ಎಲ್ಲಿಯವರೆಗೆ ಕಂಡನೆಂಬುದು ದೊಡ್ಡದು.

ಧನಿಕರು ವಿದ್ಯೆಗೆ ಹಣ ಕೊಡಲೇಬಾರದೆಂದು ಇದರಿಂದ ಸಿದ್ಧವಾಗುವುದಿಲ್ಲ. ಬರೋಡೆಯ ಮಹಾರಾಜ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನದಿಂದ 1913ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದ ಭೀಮರಾವ್ ಅಂಬೇಡ್ಕರರು ಅಲ್ಲಿ ಅರ್ಥಶಾಸ್ತ್ರವನ್ನೂ ಸಮಾಜಶಾಸ್ತ್ರವನ್ನೂ ಇತಿಹಾಸವನ್ನೂ ತತ್ತ್ವಶಾಸ್ತ್ರವನ್ನೂ ಹಸಿದವರಂತೆ ಓದಿದರು. ಮೂರು ತಿಂಗಳಲ್ಲಿ ಯಾವುದಾದರೊಂದು ಕೆಲಸಕ್ಕೆ ಸೇರಿ ಲೆಕ್ಕ ತೋರಿಸೆಂದು ಅವರನ್ನು ಯಾರೂ ಕೇಳಲಿಲ್ಲ. ಜಮ್‌ಶೇಟ್‌ಜಿ ಟಾಟಾ ತಮ್ಮ ಆಸ್ತಿಯ ದೊಡ್ಡ ಭಾಗವನ್ನು ಮೀಸಲಿಟ್ಟು, ಮೈಸೂರಿನ ಅರಸರು 371 ಎಕರೆ ನೆಲವನ್ನಿತ್ತು, 1909ರಲ್ಲಿ ಬೆಂಗಳೂರಿನಲ್ಲಿ ತಲೆಯೆತ್ತಿದ ವಿಜ್ಞಾನಮಂದಿರ ಟಾಟಾರ ಗಿರಣಿಗಳಿಗೆ ಕೂಲಿಯಾಳುಗಳನ್ನು ತಯಾರಿಸುವುದಕ್ಕಾಗಿ ಹುಟ್ಟಲಿಲ್ಲ. ಅದನ್ನು ನೋಡುವುದಕ್ಕೆ ಆ ದಾನಿ ಬದುಕಿಯೂ ಇರಲಿಲ್ಲ. ನಮ್ಮ ಕಾಲದಲ್ಲಿಯೂ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನವು ಕರ್ನಾಟಕದ ಸರ್ಕಾರಿ ಶಾಲೆಯ ಮಕ್ಕಳಿಗೆ ವಾರದ ಆರು ದಿನವೂ ಮೊಟ್ಟೆ ಸಿಕ್ಕುವಂತೆ 2024ರಲ್ಲಿ ಮೂರು ವರ್ಷಗಳಿಗೆ 1,500 ಕೋಟಿ ರೂಪಾಯಿಗಳ ಒಪ್ಪಂದ ಮಾಡಿಕೊಂಡಿತು. ಸರ್ಕಾರಿ ಶಾಲೆಗಳಲ್ಲಿ ಓದಿದ ಹೆಣ್ಣುಮಕ್ಕಳಿಗೆ ಪದವಿಯೋ ಡಿಪ್ಲೊಮಾವೋ ಮುಗಿಯುವವರೆಗೆ ವರ್ಷಕ್ಕೆ 30,000 ರೂಪಾಯಿ ವಿದ್ಯಾರ್ಥಿವೇತನ ಕೊಡುತ್ತಿದೆ. ಮೊಟ್ಟೆ ತಿಂದ ಮಗು ಏನಾಗಬೇಕೆಂದು ಮೊಟ್ಟೆ ಹೇಳುವುದಿಲ್ಲ. ಆ ವಿದ್ಯಾರ್ಥಿವೇತನ ಪಡೆದ ಹುಡುಗಿ ಯಾವ ವಿಷಯ ಓದಬೇಕೆಂಬುದು ಅವಳ ಇಚ್ಛೆ. ಕೊಡುವ ಕೈ ಕೊಟ್ಟು ಹಿಂದೆ ಸರಿಯಬಹುದು, ಹಾಗೆ ಸರಿದರೂ ಲೋಕಕ್ಕೆ ನಷ್ಟವಿಲ್ಲವೆಂಬುದಕ್ಕೆ ಇಷ್ಟು ಸಾಕ್ಷ್ಯ ಸಾಲದೆ?

ಕೊನೆಯ ಆಕ್ಷೇಪವೊಂದು ಉಳಿಯಿತು. ಅದನ್ನು ಎತ್ತುವವರು ಬಡವರೇ ಆದ್ದರಿಂದ ಅದಕ್ಕೆ ಆದರದಿಂದ ಉತ್ತರ ಹೇಳಬೇಕು. ಮನೆಯಲ್ಲಿ ಒಲೆ ಉರಿಯಬೇಕು, ಅಪ್ಪನ ಸಾಲ ತೀರಬೇಕು, ತಿಂಗಳಿಗೆ ಹತ್ತು ಹನ್ನೆರಡು ಸಾವಿರ ಈಗಲೇ ಬಂದರೆ ಅದೇ ದೊಡ್ಡದು. ಮೂರು ವರ್ಷದ ಪದವಿಗೆ ಕಾಯುವ ಶಕ್ತಿ ನಮಗೆಲ್ಲಿದೆ ಎಂದು ಅವರು ಕೇಳುತ್ತಾರೆ. ನಿಜ, ಹಸಿವು ಕಾಯುವುದಿಲ್ಲ. ಹಾಗಿದ್ದರೆ ಹಣ ಹಸಿವಿಗೇ ಹೋಗಲಿ. ವಾರಾನ್ನ ಉಂಡು ಓದಿದವರ, ಸಿದ್ಧಗಂಗೆಯಂಥ ಮಠಗಳ ದಾಸೋಹದಲ್ಲಿ ಉಂಡು ಓದಿದವರ ನಾಡು ಇದು. ಅನ್ನವೂ ಸೂರೂ ದೊರೆತರೆ ಬಡವರ ಮಕ್ಕಳು ಎಲ್ಲಿಯವರೆಗೆ ಹೋಗಬಲ್ಲರೆಂಬುದನ್ನು ನಮಗೆ ಯಾವ ಸಮೀಕ್ಷೆಯೂ ಹೇಳಿಕೊಡಬೇಕಾಗಿಲ್ಲ. ನಂಜುಂಡಪ್ಪ ಸಮಿತಿ ಹೆಸರಿಸಿದ ಆ 39 ತಾಲೂಕುಗಳಲ್ಲಿ ಪ್ರತಿಯೊಂದರಲ್ಲಿಯೂ ಹೆಣ್ಣುಮಕ್ಕಳಿಗೆ ಒಂದು, ಗಂಡುಮಕ್ಕಳಿಗೆ ಒಂದು ಒಳ್ಳೆಯ ವಿದ್ಯಾರ್ಥಿನಿಲಯ ಏಳಲಿ. ಡಿಗ್ರಿಗೋ ಐಟಿಐಗೋ ಸೇರಿದ ಮಗುವಿನ ಮನೆಗೆ, ಆ ಮಗು ದುಡಿದು ತರಬಹುದಾಗಿದ್ದ ಹಣದ ಒಂದಂಶವಾದರೂ ಪ್ರತಿ ತಿಂಗಳೂ ತಲುಪಲಿ. ಮೂರು ವರ್ಷದ ಗಡುವನ್ನು ಶಾಸನದಿಂದ ತೆಗೆದುಹಾಕಿ, ಕಂಪನಿಗಳ ಈ ಶೇಕಡಾ 2 ರಾಜ್ಯಮಟ್ಟದ ಒಂದು ನಿಧಿಗೆ ಸೇರಿ, ಅದರಿಂದ ಖಾಲಿ ಬಿದ್ದಿರುವ ಗಣಿತ, ವಿಜ್ಞಾನ, ಇಂಗ್ಲಿಷ್ ಹುದ್ದೆಗಳಿಗೆ ಕಾಯಂ ಶಿಕ್ಷಕರು ಬರಲಿ. ಗೋಡೆಯ ಮೇಲೆ ಯಾರ ಲಾಂಛನವೂ ಬೇಡ.

ಅಂಗಡಿಗೆ ಬಿಲ್ಲಿಂಗ್ ಬಲ್ಲವರು ಬೇಕು, ಕಾರ್ಖಾನೆಗೆ ಯಂತ್ರ ನಡೆಸಬಲ್ಲವರು ಬೇಕು, ನಿಸ್ಸಂದೇಹವಾಗಿ ಬೇಕು. ಕಂಪನಿಯು ತನ್ನ ದಿನನಿತ್ಯದ ವ್ಯವಹಾರಕ್ಕೆ ಮಾಡುವ ವೆಚ್ಚವನ್ನು ಸಮಾಜಕಾರ್ಯದ ಲೆಕ್ಕಕ್ಕೆ ಹಚ್ಚಕೂಡದೆಂದು ಕಂಪನಿಗಳ ಕಾಯಿದೆಯಡಿಯ ನಿಯಮಗಳೇ ಹೇಳುತ್ತವೆ. ನಾಳೆ ತಾನೇ ಕೆಲಸಕ್ಕೆ ತೆಗೆದುಕೊಳ್ಳಲಿರುವ ಹುಡುಗಿಗೆ ಇಂದು ತನ್ನದೇ ಯಂತ್ರದ ಬಳಕೆಯನ್ನು ಕಲಿಸುವುದು ವ್ಯವಹಾರದ ವೆಚ್ಚವಲ್ಲದೆ ಮತ್ತೇನು? ಆ ತರಬೇತಿಯನ್ನು ಕಂಪನಿಯು ನೇಮಕಾತಿಯ ಆದೇಶ ಕೊಟ್ಟಾದ ಮೇಲೆ, ಮೊದಲ ದಿನದಿಂದಲೇ ಸಂಬಳವನ್ನೂ ಭವಿಷ್ಯನಿಧಿಯನ್ನೂ ಕೊಟ್ಟು, ತನ್ನ ಲಾಭದ ಉಳಿದ ತೊಂಬತ್ತೆಂಟು ರೂಪಾಯಿಯಲ್ಲಿ ನಡೆಸಿಕೊಳ್ಳಲಿ.